ಉಚಿತ ಪೆಟ್ಟಿಗೆ

ಬೆಳಿಗ್ಗೆ ಐದಕ್ಕೆ ನನ್ನ ವ್ಯಾನು
ಗೋದಾಮಿನ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ.
ನೂರಾ ಎಂಬತ್ತು ಪೆಟ್ಟಿಗೆ. ಕಪ್ಪಿನದು, ಕಿತ್ತಳೆಯದು,
ಮೇಲೆ ಮಾವಿನ ಚಿತ್ರವಿದ್ದು ಒಳಗೆ ಮಾವಿಲ್ಲದ್ದು.
ಅಬು ಶಗಾರದಿಂದ ಮುವೈಲಾದವರೆಗೆ
ಶಾಲೆಯ ಗೇಟಿಗೆ ಎದುರಾದ ಒಂದೊಂದು ಗ್ರೋಸರಿಯೂ ನನಗೆ ಗೊತ್ತು.
ಫ್ರಿಜ್ಜಿನ ಯಾವ ಶೆಲ್ಫು ಆರು ವರ್ಷದ ಕಣ್ಣಿನ ಎತ್ತರಕ್ಕಿದೆ
ಎಂಬುದೂ ಗೊತ್ತು.
ಸಿಹಿಯದ್ದನ್ನು ಅಲ್ಲಿಡು, ಎಂದು ಕಲಿಸಿದ್ದಾರೆ.
ನೀರಿನ ಬಾಟಲಿ ಕೆಳಗೆ, ಬಗ್ಗುವವರಿಗೆ.

ಟಾರ್ಗೆಟ್ಟು ದಾಟಿದ ತಿಂಗಳು
ಕಂಪನಿ ಒಂದು ಪೆಟ್ಟಿಗೆ ಪುಕ್ಕಟೆ ಕೊಡುತ್ತದೆ.
ಎರಡು ವರ್ಷ ಅದನ್ನು ಹೆಗಲಿಗೇರಿಸಿ
ಲಿಫ್ಟು ಕೆಟ್ಟ ದಿನವೂ ನಾಲ್ಕು ಮಹಡಿ ಹತ್ತಿದ್ದೇನೆ,
ಕಂಬಳ ಗೆದ್ದವನ ಹಾಗೆ.
ಧನ್ವಿ ಬಾಗಿಲಲ್ಲೇ ಕುಣಿಯುತ್ತಿದ್ದಳು.

ಹೋದ ವಾರ ಹಲ್ಲಿನ ಡಾಕ್ಟರು, ಸುಡಾನಿನ ಹೆಂಗಸು,
ಮಗಳ ಬಾಯೊಳಗೆ ಸಣ್ಣ ಕನ್ನಡಿಯಿಟ್ಟು ಎಣಿಸಿದರು.
ವಾಹಿದ್, ಇತ್ನೈನ್, ತಲಾತ...
ನನಗೆ ಬರುವ ಅರಬಿ ಲೆಕ್ಕದ್ದೊಂದೇ,
ಪೆಟ್ಟಿಗೆ ಇಳಿಸುತ್ತಾ ಕಲಿತದ್ದು.
ಏಳಕ್ಕೆ ನಿಲ್ಲಿಸಿದರು.
ಹುಳುಕು ಏಳು. ಮಗಳಿಗೆ ಆರು.
ಹಾಲುಹಲ್ಲಲ್ಲವೇ, ಬಿದ್ದೇ ಹೋಗುತ್ತದಲ್ಲ, ಎಂದೆ.
ಬೀಳುವ ತನಕ ಅವಳು ಅದರಲ್ಲೇ ಅಗಿಯಬೇಕು, ಎಂದರು.
ಏನು ಕುಡಿಯುತ್ತಾಳೆ ಮಗು?
ನಾನು ಗೋಡೆಯಲ್ಲಿ ನಗುತ್ತಿದ್ದ ಹಲ್ಲಿನ ಚಿತ್ರ ನೋಡಿದೆ.
ನನ್ನ ಜೇಬಿನ ಮೇಲೆ ಕಂಪನಿಯ ಹೆಸರಿತ್ತು.
ಅವರು ಓದಿದರು. ಏನೂ ಅನ್ನಲಿಲ್ಲ.
ಅಂದಿದ್ದರೆ ಚೆನ್ನಾಗಿತ್ತು.

ಬಸ್ಸಿನಲ್ಲಿ ಸುಗಂಧಿ ತುಟಿ ಬಿಚ್ಚಲಿಲ್ಲ.
ಇಳಿದವಳೇ ಮೀನು ಮಾರ್ಕೆಟ್ಟಿಗೆ ನಡೆದಳು.
ಕಿವಿರೆತ್ತಿ ನೋಡಿ, ಬಂಗಾಳಿ ಹುಡುಗನ ಜೊತೆ
ತುಳುವಿನಲ್ಲೇ ಚೌಕಾಸಿ ಮಾಡಿ
(ಅವನಿಗೆ ಹೇಗೋ ಅರ್ಥವಾಯಿತು)
ಎಂಟು ದಿರಹಮಿಗೆ ಒಂದು ಕಿಲೋ ಬೂತಾಯಿ,
ಮೇಲಿಂದ ಒಂದು ಕಟ್ಟು ನುಗ್ಗೆಸೊಪ್ಪು.
ಕುಚಲಕ್ಕಿ ಗಂಜಿಯ ಪಕ್ಕ ತಟ್ಟೆಯಲ್ಲಿಟ್ಟು
ಮಗಳ ಬೆರಳು ಹಿಡಿದು ತೋರಿಸಿದಳು:
ಬೆನ್ನಿಂದ ಬಿಡಿಸು, ಹೊಟ್ಟೆಯಿಂದ ಅಲ್ಲ.
ಧನ್ವಿ ಮೂಗು ಮುಚ್ಚಿದಳು. ಕೆಂಪು ಸಾಸು ಕೇಳಿದಳು. ಅತ್ತಳು.
ಮಾರನೆ ದಿನವೂ ಅತ್ತಳು.
ನಾಲ್ಕನೆಯ ದಿನ, ಹಸಿದಿದ್ದಳೋ ಏನೋ,
ಒಂದು ಚೂರು ನುಂಗಿ
'ಇದರ ಮುಳ್ಳು ಅಪ್ಪನ ಮೀಸೆ ತರ' ಎಂದಳು.
ಅಷ್ಟನ್ನೇ ನಾವು ಜಮೆಗೆ ಬರೆದುಕೊಂಡೆವು.

ಈಗ ರಾತ್ರಿ ಒಂಬತ್ತಕ್ಕೆ
ಒಬ್ಬರಷ್ಟೇ ನಿಲ್ಲಬಹುದಾದ ಬೇಸಿನ್ನಿನ ಮುಂದೆ
ಮೂವರು ನಿಲ್ಲುತ್ತೇವೆ, ಮೊಣಕೈ ತಾಗಿಸಿಕೊಂಡು.
ಸೆಪ್ಟೆಂಬರು ಬಂದರೂ ಟ್ಯಾಂಕಿನ ನೀರು ಚಹಾ ಮಾಡುವಷ್ಟು ಬಿಸಿ,
ಬಾಯಿ ಮುಕ್ಕಳಿಸಲು ಫ್ರಿಜ್ಜಿನ ಚೊಂಬು.
ನಲವತ್ತು ವರ್ಷ ರಾತ್ರಿ ಹಲ್ಲುಜ್ಜದವನು ನಾನು.
ಮಗಳು ನನ್ನ ಬಾಯಿ ತೆರೆಸಿ ಪರೀಕ್ಷೆ ಮಾಡುತ್ತಾಳೆ,
ಹಿಂದೆ ಬಿಟ್ಟಿದ್ದೀ, ಮತ್ತೆ ಉಜ್ಜು, ಎನ್ನುತ್ತಾಳೆ.

ಈ ತಿಂಗಳೂ ಟಾರ್ಗೆಟ್ಟು ದಾಟಿದೆ.
ಉಚಿತ ಪೆಟ್ಟಿಗೆ ಪಕ್ಕದ ಸೀಟಿನಲ್ಲಿ ಕೂತಿದೆ.
ಅದರ ಭಾರಕ್ಕೆ, ಮನುಷ್ಯನೆಂದುಕೊಂಡು,
ವ್ಯಾನು ಕೂಗುತ್ತಲೇ ಇತ್ತು. ಕೊನೆಗೆ ಅದಕ್ಕೂ ಬೆಲ್ಟು ಹಾಕಿದೆ.
ವಾಚ್‌ಮನ್ ಗುಲ್ ಜಮಾನನಿಗೆ ಕೊಡೋಣವೆಂದರೆ
ಅವನಿಗೆ ಸಕ್ಕರೆ ಕಾಯಿಲೆ.
ಕ್ಯಾಂಪಿನ ಹುಡುಗರಿಗೆ? ಅವರಿಗೂ ಹಲ್ಲಿದೆ.
ಎಸೆಯಲು ಬಾರದು,
ಬೆಲ್ಲದ ತುಂಡಿಗೆ ತಂಗಿಯ ಜೊತೆ ಜಗಳವಾಡಿದ ಕೈ ಇದು.

ಧನ್ವಿಯ ಶಾಲೆಯ ಎದುರು, ಕುಂಞಿಮೊಯ್ದುವಿನ ಅಂಗಡಿಯಲ್ಲಿ
ಇವತ್ತು ಫ್ರಿಜ್ಜು ತುಂಬುವಾಗ
ನೀರನ್ನು ಮಕ್ಕಳ ಕಣ್ಣಿನ ಎತ್ತರಕ್ಕೆ ಇಟ್ಟೆ.
ಕಿತ್ತಳೆಯದ್ದು ಕೆಳಗೆ ಹೋಯಿತು.
ಕುಂಞಿಮೊಯ್ದು ನೋಡಿದ, ಬೀಡಿ ಹುಡುಕುವವನ ಹಾಗೆ
ಆಚೆ ತಿರುಗಿದ.
ಸೂಪರ್‌ವೈಸರ್ ಬರುವುದು ಗುರುವಾರ.
ಇವತ್ತು ಸೋಮವಾರ.